ತಾಳಕ್ಕೆ ಕಾಯದ ಎಡಗಾಲು

ದೋಹಾದ ನಮ್ಮ ಕನ್ನಡ ಸಂಘದವರು ಹೇಳುವ ಕಥೆ ಹೀಗಿದೆ. ಆ ಇಂಗ್ಲಿಷ್ ಅಜ್ಜಿ ಯೌವನದಲ್ಲಿ ಮದರಾಸಿಗೆ ಬಂದಿದ್ದರು. ಅಲ್ಲಿ ಯಾರೋ ಗುರುವಿನ ಹತ್ತಿರ ಹಸ್ತಮುದ್ರೆ ಕಲಿತರು. ಆಮೇಲೆ ಲಂಡನ್ನಿನಲ್ಲಿ ಬ್ಯಾಲೆ ಮಾಡುತ್ತಿದ್ದಾಗ ಸ್ಟೇಜಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಕಾಲು ಹೋದರೂ ಕೈ ಉಳಿಯಿತು. ಕೃಷ್ಣನ ಕೃಪೆಯಿಂದ, ಎಂಬತ್ತು ದಾಟಿದ ಮೇಲೂ ದೋಹಾದ ಮಗನ ಮನೆಯಲ್ಲಿ ಕೂತು ಬೆರಳುಗಳಲ್ಲಿ ಕೃಷ್ಣಜನನ ಹೇಳುತ್ತಿದ್ದರು. ಕಳೆದ ತಿಂಗಳು ಅವರು ಇಂಗ್ಲೆಂಡಿನಲ್ಲಿ ತೀರಿಕೊಂಡ ಸುದ್ದಿ ಬಂದಾಗ ಸಂತಾಪ ಸಭೆಯ ಮೈಕಿನಲ್ಲಿ ಇದನ್ನೇ ಹೇಳಿದರು. ಜನ ಕಣ್ಣೊರೆಸಿಕೊಂಡರು.

ಇಷ್ಟರಲ್ಲಿ ನಾನು ಒಪ್ಪುವುದು ಮೂರನ್ನು ಮಾತ್ರ. ಅವರು ಇಂಗ್ಲೆಂಡಿನವರು, ಬ್ಯಾಲೆ ಮಾಡುತ್ತಿದ್ದವರು, ಮತ್ತು ದೋಹಾದಲ್ಲಿ ಮಗನ ಮನೆಯಲ್ಲಿದ್ದರು. ಮದರಾಸು ಸುಳ್ಳು. ಗುರು ಸುಳ್ಳು. ಕಾಲು ಮುರಿದದ್ದೂ ಸುಳ್ಳು. ಕೃಷ್ಣನ ವಿಷಯಕ್ಕೆ ಆಮೇಲೆ ಬರುತ್ತೇನೆ.

"ಯಾರಿಗೂ ಕೆಡುಕು ಮಾಡುವ ಸುಳ್ಳಲ್ಲವಲ್ಲ. ಸತ್ತವರನ್ನು ಹೊಗಳಿದ್ರೆ ನಿಂಗೆ ಎಂತ ಕಷ್ಟ?" ಎಂದು ಅಮ್ಮ ಕೇಳಿದಳು.

ಕಷ್ಟ ಇದೆ. ಅವರು ತಮ್ಮ ಬಗ್ಗೆ ಹೇಳಿಕೊಂಡ ಪ್ರತಿಯೊಂದು ಮಾತೂ ಈ ಕಥೆಗಿಂತ ಚಿಕ್ಕದಾಗಿತ್ತು. ಅದು ಚಿಕ್ಕದಾಗಿಯೇ ಉಳಿಯಲಿ ಎಂದು ಅವರು ಹಟ ಹಿಡಿದಿದ್ದರು. ಹಟಕ್ಕೆ ಒಂದು ಮರ್ಯಾದೆ ಬೇಡವೇ?

ಅವರನ್ನು ನಾನು ಮೊದಲು ಕಂಡದ್ದು ಉಡುಪಿಯಲ್ಲಿ ಡಿಗ್ರಿ ಮುಗಿಸಿ ಅಪ್ಪನ ಫ್ಯಾಮಿಲಿ ವೀಸಾದಲ್ಲಿ ದೋಹಾಕ್ಕೆ ಬಂದ ವರ್ಷ. ಆ ವೀಸಾದಲ್ಲಿ ಕೆಲಸಕ್ಕೆ ಹೋಗುವಂತಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳಿಗೆ ಬರವಿರಲಿಲ್ಲ, ಇಲ್ಲಿ ಫ್ಲ್ಯಾಟಿನ ಗೋಡೆಗಳು ಬಿಟ್ಟರೆ ಎದುರಿಗೆ ಯಾರೂ ಇಲ್ಲ. ಅಪ್ಪ ಡ್ರಾಫ್ಟ್ಸ್‌ಮನ್. ಅವರ ಆಫೀಸಿನ ಮುಖ್ಯ ಎಂಜಿನಿಯರ್ ಒಬ್ಬ ಇಂಗ್ಲಿಷ್ ಮನುಷ್ಯ. ಅವನ ತಾಯಿಗೆ ಕಣ್ಣು ಮಂದ, ಮಧ್ಯಾಹ್ನದ ಹೊತ್ತು ಪೇಪರು, ಪುಸ್ತಕ ಗಟ್ಟಿಯಾಗಿ ಓದಿ ಹೇಳುವವರು ಬೇಕು ಎಂದು ಆತ ಅಪ್ಪನ ಹತ್ತಿರ ಹೇಳಿದ್ದ.

"ಓದು, ಚಾ ಕೊಟ್ರೆ ಕುಡಿ, ಬಾ. ವಾದ ಮಾತ್ರ ಮಾಡ್ಬೇಡ ಮಾರಾಯ್ತಿ. ಅವರ ಮಗ ನನ್ನ ಬಾಸು," ಎಂದು ಅಪ್ಪ ಆ ವಿಲ್ಲಾದ ಗೇಟಿನ ಮುಂದೆ ಕಾರು ನಿಲ್ಲಿಸಿ ಎಚ್ಚರಿಸಿದರು.

ಅವರ ಕಣ್ಣು ಕೆಟ್ಟ ರೀತಿಯೇ ವಿಚಿತ್ರವಾಗಿತ್ತು. ನೇರ ಎದುರಿಗಿದ್ದದ್ದು ಕಾಣುತ್ತಿರಲಿಲ್ಲ, ಅಂಚಿನಲ್ಲಿದ್ದದ್ದು ಅಷ್ಟಿಷ್ಟು ಕಾಣುತ್ತಿತ್ತು. ಹಾಗಾಗಿ ಯಾರನ್ನಾದರೂ ನೋಡಬೇಕೆಂದರೆ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ಗೊತ್ತಿಲ್ಲದವರು ಇದನ್ನು ಸೊಕ್ಕು ಅಂದುಕೊಳ್ಳುತ್ತಿದ್ದರು. ಗೊತ್ತಾದ ಮೇಲೂ ನನಗೆ ಸೊಕ್ಕೆಂದೇ ಅನಿಸಿತು, ಏಕೆಂದರೆ ಅವರಲ್ಲಿ ಅದು ಧಾರಾಳವಾಗಿತ್ತು.

ಕೂತಲ್ಲಿ ಕೂರುವ ಜೀವ ಅಲ್ಲ. ಒಂದು ಪುಟ ಓದುವಷ್ಟರಲ್ಲಿ ಎದ್ದು ಕಿಟಕಿಗೆ ಹೋಗಿ ಬರುವರು, ಕುರ್ಚಿಯನ್ನು ಒಂದು ಗೇಣು ಸರಿಸುವರು, ಎಸಿ ಆರಿಸುವರು, ಮತ್ತೆ ಹಾಕುವರು. ಸೋಫಾ ವಾರಕ್ಕೊಂದು ಗೋಡೆಗೆ ಹೋಗುತ್ತಿತ್ತು. ಮಗ ಸಂಜೆ ಆಫೀಸಿನಿಂದ ಬಂದು ಇಲ್ಲದ ಸೋಫಾದ ಮೇಲೆ ಕೂರಲು ಹೋಗಿ ಬಿದ್ದದ್ದೂ ಉಂಟಂತೆ. ಕಾಲಿಗೆ ಸದಾ ದಪ್ಪ ಕಾಲುಚೀಲ. ಹೊರಗೆ ಬಿಸಿಲು ಡಾಂಬರನ್ನು ಮೆತ್ತಗೆ ಮಾಡುತ್ತಿದ್ದರೂ ಅವರು ಕಾಲುಚೀಲ ಬಿಚ್ಚಿದವರಲ್ಲ. ಕಾಲು ಮುರಿದ ಕಥೆ ಹುಟ್ಟಿದ್ದು ಈ ಕಾಲುಚೀಲದಿಂದ ಎಂದು ನನ್ನ ತರ್ಕ.

ಮೊದಲ ದಿನವೇ ಕಂಡದ್ದು ಆ ಕೈಗಳು. ನಾನು ಪೇಪರು ಓದುತ್ತಿದ್ದೆ. ಅವರ ಎರಡು ಕೈಗಳೂ ಊಟದ ಮೇಜಿನ ಮೇಲೆ ನಡೆಯುತ್ತಿದ್ದವು. ನಡೆಯುವುದು ಎಂದರೆ ನಡೆಯುವುದೇ: ಅಂಗೈ ಕೆಳಗೆ ಮಾಡಿ ಒಂದರ ಮುಂದೆ ಒಂದು. ಆಮೇಲೆ ಬೆರಳ ತುದಿಯಲ್ಲಿ ನಿಂತವು. ಮಣಿಕಟ್ಟುಗಳು ಅಡ್ಡಡ್ಡ ಸೇರಿ ಪಟಪಟನೆ ಬಡಿದುಕೊಂಡವು. ತೋರುಬೆರಳೊಂದು ಗಾಳಿಯಲ್ಲಿ ಬುಗುರಿಯಂತೆ ಸುತ್ತಿತು. ನಾನು ಓದು ನಿಲ್ಲಿಸಿದೆ.

"ಯಾಕೆ ನಿಲ್ಲಿಸಿದೆ?" ಎಂದು ಪಕ್ಕದ ಬಾಗಿಲನ್ನು ನೋಡುತ್ತಾ ಕೇಳಿದರು. ಅವರ ಮಾತು ಇಂಗ್ಲಿಷು, ಇಲ್ಲಿರುವ ಕನ್ನಡ ನನ್ನದು.

"ನೀವು ಏನೋ ಮಾಡುತ್ತಿದ್ದೀರಿ."

"ರಿಹರ್ಸಲ್. ನಿನ್ನ ಬಾಯಿಗೂ ನನ್ನ ಕೈಗೂ ಜಗಳವಿಲ್ಲ. ಓದು. ಯಲ್ಲಾ."

ಮಗನ ಜೊತೆ ಕೊಲ್ಲಿಯ ಊರುಗಳಲ್ಲಿ ಇದ್ದೂ ಇದ್ದೂ ಅವರು ಕಲಿತ ಅರಬ್ಬಿ ಎರಡೇ ಶಬ್ದ. ಏನನ್ನಾದರೂ ಶುರು ಮಾಡಲು ಯಲ್ಲಾ, ಮುಗಿಸಲು ಖಲಾಸ್. ನಡುವಿನದ್ದಕ್ಕೆ ಶಬ್ದ ಬೇಡ ಎನ್ನುತ್ತಿದ್ದರು.

ಸ್ವಲ್ಪ ಸ್ವಲ್ಪವಾಗಿ ಕೆದಕಿದೆ. ಎರಡು ಮಹಾಯುದ್ಧಗಳ ನಡುವಿನ ಕಾಲ. ಹದಿನೇಳರ ಹುಡುಗಿ ಒಂದು ಚಿಕ್ಕ ಬ್ಯಾಲೆ ಕಂಪನಿಗೆ ಸೇರಿದ್ದು. ಊರೂರು ತಿರುಗಾಟ. ನಮ್ಮ ಕಡೆಯ ಯಕ್ಷಗಾನ ಮೇಳದ ಹಾಗೆ ಎಂದು ನಾನು ಹೇಳಿದೆ, ಅವರಿಗೆ ಅದು ಇಷ್ಟವಾಯಿತು. ಭಾನುವಾರ ಭಾನುವಾರ ಊರು ಬದಲಾಗುತ್ತಿತ್ತು. ರೈಲಿನ ಡಬ್ಬಿಯಲ್ಲಿ ಹುಡುಗಿಯರು ಎದುರುಬದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದರು. ಮರುದಿನದ ಪ್ರದರ್ಶನಕ್ಕೆ ಅಭ್ಯಾಸ ಆಗಬೇಕು, ಕಾಲು ಚಾಚಲು ಜಾಗವಿಲ್ಲ. ಹಾಗಾಗಿ ಕಾಲಿನ ಕೆಲಸವನ್ನು ಕೈಯಿಂದ ಮಾಡುವುದು. ಬಲಗೈ ಎಂದರೆ ಬಲಗಾಲು, ಎಡಗೈ ಎಂದರೆ ಎಡಗಾಲು. ಬೆರಳು ಸುತ್ತಿದರೆ ಇಡೀ ದೇಹ ಸುತ್ತಿದ ಲೆಕ್ಕ. ಮಣಿಕಟ್ಟು ಬಡಿದರೆ ಮೇಲಕ್ಕೆ ನೆಗೆದು ಗಾಳಿಯಲ್ಲಿ ಕಾಲಿಗೆ ಕಾಲು ಬಡಿದದ್ದು. ಬ್ಯಾಲೆಯವರೆಲ್ಲರಿಗೂ ಇದು ಗೊತ್ತಿರುವ ಪದ್ಧತಿಯಂತೆ.

ಅಂದರೆ ಇವರು ದಿನವಿಡೀ ಮಾಡುತ್ತಿದ್ದದ್ದು ಕೈಯ ಕೆಲಸವೇ ಅಲ್ಲ. ಮೇಜಿನ ಮೇಲೆ ಓಡಾಡುತ್ತಿದ್ದದ್ದು ಕಾಲುಗಳು. ನನ್ನ ಇಡೀ ಆಕ್ಷೇಪ ನಿಂತಿರುವುದು ಈ ಒಂದೇ ಅಂಶದ ಮೇಲೆ.

ಅವರ ಹೆಸರನ್ನು ನಾನು ಬರೆಯುತ್ತಿಲ್ಲ. ಅವರಿಗೆ ಎರಡು ಹೆಸರಿದ್ದವು, ಎರಡರ ಮೇಲೂ ಅವರಿಗೆ ಪ್ರೀತಿಯಿರಲಿಲ್ಲ. ಅಪ್ಪ ಅಮ್ಮ ಇಟ್ಟದ್ದು ಒಂದು. ರಷ್ಯದವರಲ್ಲದೆ ಬೇರೆಯವರಿಗೆ ಬ್ಯಾಲೆ ಬರುವುದಿಲ್ಲ ಎಂದು ನಂಬಿದ್ದ ಆ ಕಾಲದ ಇಂಗ್ಲಿಷ್ ಪ್ರೇಕ್ಷಕರಿಗೋಸ್ಕರ ಕಂಪನಿಯವರು ಅಂಟಿಸಿದ ರಷ್ಯನ್ ಹೆಸರು ಇನ್ನೊಂದು. "ಮೂತಿ ಅದೇ, ಮೊಣಕಾಲು ಅದೇ. ಹೆಸರಿಗೆ ಒಂದು 'ಓವಾ' ಸೇರಿಸಿದ ಮರುದಿನ ಪತ್ರಿಕೆಯವನು ನನ್ನ ಕಣ್ಣಿನಲ್ಲಿ ರಷ್ಯದ ಹಿಮ ಕಂಡ," ಎಂದು ನಗುತ್ತಿದ್ದರು. ಇಷ್ಟು ಗೊತ್ತಿದ್ದವರ ಮೇಲೆ ನಾವು ಹೋಗಿ ಮದರಾಸಿನ ಗುರುವನ್ನು ಅಂಟಿಸಿದ್ದೇವೆ.

ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸಿಗೆ ಅವರ ನೃತ್ಯ ನಿಂತಿತು. ಯಾಕೆ ಎಂದು ನಾನು ಪಾಟೀಸವಾಲು ಹಾಕದೆ ಬಿಡುವವಳಲ್ಲ.

"ಕಾಲು ಮುರಿಯಿತೇ?"

"ಇಲ್ಲ. ಮುರಿದಿದ್ದರೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು."

"ಮದುವೆ?"

"ಅದು ಆಮೇಲೆ. ಎಷ್ಟೋ ಆಮೇಲೆ."

"ಯುದ್ಧ?"

"ಅದೂ ಆಮೇಲೆ. ಬೇಸಿಗೆಯಲ್ಲಿ ಕಂಪನಿಗೆ ರಜೆ. ರಜೆ ಮುಗಿದ ಮೇಲೆ ಯಾರು ಬೇಕೋ ಅವರಿಗೆ ಹೇಳಿ ಕಳಿಸುತ್ತಾರೆ. ಆ ವರ್ಷ ನನಗೆ ಹೇಳಿ ಕಳಿಸಲಿಲ್ಲ."

"ಕಾರಣ ಕೇಳಲಿಲ್ಲವೇ?"

"ಹೇಳಿ ಕಳಿಸದವರ ಹತ್ತಿರ ಹೋಗಿ ಏನೆಂದು ಕೇಳಲಿ? ಕಾದೆ. ಆಮೇಲೆ ಕಾಯುವುದನ್ನು ಬಿಟ್ಟೆ. ಖಲಾಸ್."

ಇಷ್ಟೇ. ಈ ಉತ್ತರ ನನಗೂ ಸಾಲಲಿಲ್ಲ ಎಂಬುದು ಸತ್ಯ. ಕಾಲು ಮುರಿಯುವ ಕಥೆ ಜನರಿಗೆ ಯಾಕೆ ಬೇಕು ಎಂದು ಆಗ ಅರ್ಥವಾಯಿತು. ಬಿದ್ದವರನ್ನು ನೋಡಲು ಜನ ಬರುತ್ತಾರೆ, ಕರೆ ಬಾರದವರನ್ನು ನೋಡಲು ಯಾರು ಬರುತ್ತಾರೆ?

ಆದರೆ ಅದೇ ಕಂಪನಿಯಲ್ಲಿದ್ದ ಒಬ್ಬ ಯುವಕ, ಅವರಿಗಿಂತ ಒಂದೆರಡು ವರ್ಷಕ್ಕೆ ದೊಡ್ಡವನು, ಅವರಿಗೋಸ್ಕರ ಒಂದು ಚಿಕ್ಕ ನೃತ್ಯ ಕಟ್ಟಿದ್ದ. ಬೇರೆಯವರ ಪಾತ್ರಗಳನ್ನೇ ಮಾಡುತ್ತಾ ಬಂದ ಅವರಿಗೆ ಅಂತಲೇ ಹುಟ್ಟಿದ್ದು ಅದೊಂದೇ. ಲಂಡನ್ನಿನಲ್ಲಿ ಅವರ ಮಗನ ವಿಲ್ಲಾದ ಹಾಲಿಗಿಂತ ತುಸು ದೊಡ್ಡದಾದ ರಂಗದ ಮೇಲೆ ಅದು ಕೆಲವು ಸಲ ನಡೆಯಿತು. ಆಮೇಲೆ ಯಾರೂ ಅದನ್ನು ಎತ್ತಲಿಲ್ಲ. ಅವನು ಯುದ್ಧದಲ್ಲಿ ಹೋದ. ಅವರ ಕೈಗಳು ಮೇಜಿನ ಮೇಲೆ ದಿನವೂ ಮಾಡುತ್ತಿದ್ದದ್ದು ಆ ನೃತ್ಯವನ್ನು.

"ಅದರ ಕಥೆ ಏನು?" ನಾನು ಕೇಳಿದೆ.

"ಕಥೆ ಇಲ್ಲ. ಒಬ್ಬಳು ಕೋಣೆಯೊಳಗೆ ಬರುತ್ತಾಳೆ. ಕೋಣೆ ತನಗೆ ಸಾಲದು ಎಂದು ಗೊತ್ತಾಗುತ್ತದೆ. ಹೋಗುತ್ತಾಳೆ."

"ಅಷ್ಟೇನಾ?"

"ಅಷ್ಟು ಮಾಡಿ ನೋಡು."

ಮಗನ ಕಾಂಟ್ರಾಕ್ಟು ಆ ಚಳಿಗಾಲದ ಕೊನೆಗೆ ಮುಗಿಯುವುದಿತ್ತು. ಇಂಗ್ಲೆಂಡಿನಲ್ಲಿ ಅವರಿಗೆ ವೃದ್ಧಾಶ್ರಮದ ಕೋಣೆಯೊಂದನ್ನು ಆಗಲೇ ಗೊತ್ತು ಮಾಡಿಯಾಗಿತ್ತು. ಅದನ್ನು ಹೇಳಿದ ದಿನ ಅವರು ನನ್ನ ಎರಡೂ ಕೈ ಹಿಡಿದು ಮೇಜಿನ ಮೇಲೆ ಒತ್ತಿದರು. "ಇದು ನನ್ನೊಬ್ಬಳ ಹತ್ತಿರ ಮಾತ್ರ ಇದೆ. ನೀನು ತೆಗೆದುಕೋ."

"ನನಗೆ ಬ್ಯಾಲೆಯ ಗಂಧವೂ ಇಲ್ಲ. ಕೈ ಕಲಿತರೆ ಅದು ಕಾಲಿನಲ್ಲಿ ಏನೆಂದು ನನಗೆ ಹೇಗೆ ಗೊತ್ತಾಗಬೇಕು?"

"ಪೋಸ್ಟ್‌ಮ್ಯಾನ್ ಪತ್ರ ಓದುತ್ತಾನೆಯೇ?"

"ವಿಳಾಸ ಇದ್ದರೆ ತಾನೇ ಪೋಸ್ಟ್‌ಮ್ಯಾನ್?"

ಅವರು ಮುಖ ತಿರುಗಿಸಿದರು, ಅಂದರೆ ನನ್ನನ್ನು ಸರಿಯಾಗಿ ನೋಡಿದರು. "ವಿಳಾಸ ನೀನು ಹುಡುಕು. ನನಗೆ ಅಷ್ಟು ಸಮಯವಿಲ್ಲ."

ಹೀಗೆ ಕಲಿತೆ. ಅವರ ಕೈಗಳು ನನ್ನ ಕೈಗಳ ಮೇಲೆ. ತಪ್ಪಿದರೆ ಬೆರಳ ಗಂಟಿನ ಮೇಲೆ ಒಂದು ಏಟು. ಬಾಯಲ್ಲಿ ಅವರದೇ ಗುನುಗು. ಇದು ನಿಜವಾಗಿ ಒಂದು ನೃತ್ಯವೋ, ಅಥವಾ ಮುದುಕಿಯ ಕೈಗೆ ಆ ದಿನ ತೋಚಿದ್ದೋ ಎಂಬ ಅನುಮಾನ ನನಗೆ ಬಹಳ ದಿನ ಇತ್ತು. ಒಂದು ಶುಕ್ರವಾರ ಸಮುದ್ರ ನೋಡಬೇಕೆಂದು ಅವರು ಹಟ ಮಾಡಿದ್ದರಿಂದ ಅಪ್ಪ ನಮ್ಮಿಬ್ಬರನ್ನೂ ಅಲ್ ಶಮಾಲ್ ಕಡೆಗೆ ಕರೆದುಕೊಂಡು ಹೋದರು. ಗಾಳಿ ಎಂದರೆ ಗಾಳಿ. ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು, "ಯಲ್ಲಾ," ಎಂದರು. ನಾನು ಬೇಕೆಂದೇ ನಡುವೆ ಒಂದು ಕಡೆ ಬಲಗೈಯ ಬದಲು ಎಡಗೈ ಎತ್ತಿದೆ. ಏಟು ಬಿತ್ತು. ಇನ್ನೊಂದು ಕಡೆ ಒಂದು ಸುತ್ತು ಜಾಸ್ತಿ ಹಾಕಿದೆ. ಅದಕ್ಕೂ ಬಿತ್ತು.

"ಪರೀಕ್ಷೆ ಮುಗಿಯಿತೇ?" ಎಂದು ಕೇಳಿದರು.

ಮುಗಿದಿತ್ತು. ಅವರು ಪಾಸಾಗಿದ್ದರು.

ಒಂದು ಜಾಗ ಮಾತ್ರ ನನಗೆ ಬಗ್ಗಲಿಲ್ಲ. ಕೊನೆಗೆ, ಆಕೆ ಕೋಣೆ ಬಿಟ್ಟು ಹೊರಡುವಾಗ, ಎಡಗಾಲು ತಾಳ ಬೀಳುವ ಮೊದಲೇ ಮುಂದೆ ಬರಬೇಕು. ನನ್ನ ಎಡಗೈ ಪ್ರತಿ ಸಲವೂ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು, ಪ್ರತಿ ಸಲವೂ ಏಟು.

"ಸಂಗೀತ ಇನ್ನೂ ಬಂದಿಲ್ಲ, ಕಾಲು ಹೇಗೆ ಬರುತ್ತದೆ?" ನಾನು ರೇಗಿದೆ.

"ಎಡಗಾಲು ಕಾಯುವುದಿಲ್ಲ. ಇಡೀ ನೃತ್ಯ ಇರುವುದು ಅಲ್ಲಿ. ಅವನು ಅದನ್ನು ನನ್ನನ್ನು ನೋಡಿಯೇ ಮಾಡಿದ್ದು. ಉಳಿದದ್ದೆಲ್ಲ ಮರೆತರೂ ನನಗೆ ಬೇಸರವಿಲ್ಲ, ಇದನ್ನು ಮರೆಯಬೇಡ."

ಇನ್ನು ವಾರಿಜಾ ಟೀಚರ್. ನಮ್ಮ ಬಿಲ್ಡಿಂಗಿನಲ್ಲೇ ಕೆಳಗಿನ ಫ್ಲ್ಯಾಟು. ದೋಹಾದ ಕನ್ನಡ ಮಕ್ಕಳಿಗೆ ಭರತನಾಟ್ಯ ಕಲಿಸುವವರು. ತಾಳದ ವಿಷಯದಲ್ಲಿ ಯಮ. ತಾಳಕ್ಕಿಂತ ಮುಂಚೆ ಬಂದ ಹುಡುಗಿಯನ್ನು ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. "ತಡ ಆದ್ರೆ ನಿದ್ದೆ ಅಂತ ಬಿಡ್ಬಹುದು. ಮುಂಚೆ ಬಂದ್ರೆ ಅದು ಅಹಂಕಾರ," ಎನ್ನುವುದು ಅವರ ಮಾತು. ಸಂಘದ ವಾರ್ಷಿಕೋತ್ಸವಕ್ಕೆ ಇಂಗ್ಲಿಷ್ ಅಜ್ಜಿಯನ್ನು ಅತಿಥಿಯಾಗಿ ಕರೆಯಬೇಕೆಂದು ಅವರು ಒಂದು ಮಧ್ಯಾಹ್ನ ನನ್ನ ಜೊತೆ ವಿಲ್ಲಾಕ್ಕೆ ಬಂದರು. ಅಜ್ಜಿ ಚಾ ತಣಿಯುವವರೆಗೆ ಸುಮ್ಮನಿರಲಾರದೆ ಕೈ ಶುರು ಮಾಡಿದರು. ಟೀಚರ್ ಕಪ್ಪನ್ನು ಕೆಳಗಿಟ್ಟರು.

"ಅಯ್ಯೋ ದೇವರೇ! ನೋಡು, ನೋಡು! ಅಡ್ಡ ಹಾಕಿದ ಮಣಿಕಟ್ಟು, ಅದು ಕೈಕೋಳ. ದೇವಕಿ ವಸುದೇವ ಸೆರೆಮನೆಯಲ್ಲಿ. ಈಗ ನೋಡು, ಅಂಗೈ ಚಾಚಿದ ಪತಾಕ ಹಸ್ತ ಮುಂದೆ ಮುಂದೆ ಹೋಗ್ತಾ ಉಂಟು, ಯಮುನೆ ದಾಟುವುದು. ಬೆರಳು ತಿರುಗ್ತಾ ಉಂಟಲ್ಲ? ಸುದರ್ಶನ ಚಕ್ರ!"

"ಟೀಚರ್, ಹುಟ್ಟುವಾಗಲೇ ಚಕ್ರ ಎಲ್ಲಿಂದ ಬಂತು?"

"ಅದು ಸೂಚನೆ ಮಾರಾಯ್ತಿ. ಮುಂದೆ ಆಗುವುದರ ಸೂಚನೆ. ನಿಂಗೆ ಎಲ್ಲದಕ್ಕೂ ಅಡ್ಡ ಬಾಯಿ."

"ಅವು ಕೈಗಳೇ ಅಲ್ಲ ಟೀಚರ್, ಕಾಲು," ಎಂದು ನಾನು ರೈಲಿನಿಂದ ಹಿಡಿದು ಎಲ್ಲವನ್ನೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಅಜ್ಜಿಯ ಕೈಯಿಂದ ಕಣ್ಣು ಮಾತ್ರ ತೆಗೆಯಲಿಲ್ಲ. ಇನ್ನೊಮ್ಮೆ ಮಾಡಿ ಎಂದು ಸನ್ನೆಯಲ್ಲಿ ಕೇಳಿದರು. ನೋಡುವವರು ಸಿಕ್ಕರೆ ಅಜ್ಜಿ ಇಲ್ಲ ಎನ್ನುವವರೇ? ಮಾಡಿದರು. ಆಮೇಲೂ ಟೀಚರ್ ಎರಡು ಮೂರು ಸಲ ಹಲ್ವ ಹಿಡಿದುಕೊಂಡು ವಿಲ್ಲಾಕ್ಕೆ ಬಂದರು. ಹಲ್ವಕ್ಕೋಸ್ಕರ ಬಂದದ್ದಲ್ಲ ಎಂದು ನನಗೆ ತಿಳಿಯಬೇಕಿತ್ತು.

ಟೀಚರ ಗಂಡನದು ಇಂಡಸ್ಟ್ರಿಯಲ್ ಏರಿಯಾದಲ್ಲಿ ಅಲ್ಯುಮಿನಿಯಂ ಕಿಟಕಿ ಬಾಗಿಲು ಮಾಡುವ ವರ್ಕ್‌ಶಾಪು. ಶುಕ್ರವಾರ ಯಂತ್ರಗಳು ನಿಂತಿರುತ್ತವೆ, ಹಾಗಾಗಿ ಡಾನ್ಸಿನ ಅಭ್ಯಾಸ ಅಲ್ಲಿ. ನಾನು ಒಂದು ಶುಕ್ರವಾರ ಅಮ್ಮ ಕೊಟ್ಟ ತಿಂಡಿಯ ಡಬ್ಬಿ ತಲುಪಿಸಲು ಹೋದೆ. ಎಂಟು ಹತ್ತು ಹುಡುಗಿಯರು ಸಾಲಾಗಿ ನೆಲದ ಮೇಲೆ ಕೂತಿದ್ದರು. ಟೀಚರ್ ಮರದ ತುಂಡಿಗೆ ಕೋಲು ಬಡಿಯುತ್ತಿದ್ದರು. ಹುಡುಗಿಯರ ಕೈಗಳು ಅಜ್ಜಿಯ ನೃತ್ಯವನ್ನು ಮಾಡುತ್ತಿದ್ದವು. ಮೊದಲಿಂದ ಕೊನೆಯವರೆಗೆ, ಕ್ರಮ ತಪ್ಪದೆ. ಕೊನೆಯ ಎಡಗೈ ಮಾತ್ರ ಕೋಲಿನ ಪೆಟ್ಟಿಗೆ ಸರಿಯಾಗಿ ಬಂದು ಬಿತ್ತು.

"ಇದು ಏನು ಟೀಚರ್?"

"ಕೃಷ್ಣಜನನ. ವಾರ್ಷಿಕೋತ್ಸವಕ್ಕೆ. ಅವರಿಗೇ ಅರ್ಪಣೆ."

"ನಾನು ಅವತ್ತೇ ಹೇಳಿದೆನಲ್ಲ, ಅದು ಕಾಲು ಅಂತ. ಒಬ್ಬಳು ಕೋಣೆಯಿಂದ ಹೊರಗೆ ಹೋಗುವುದು. ಕೃಷ್ಣನಿಗೂ ಅದಕ್ಕೂ ಸಂಬಂಧ ಇಲ್ಲ."

ಟೀಚರ್ ಕೋಲು ಕೆಳಗಿಟ್ಟರು. "ಒಪ್ಪಿದೆ. ಕಾಲು ಅಂತಲೇ ಇಟ್ಟುಕೋ. ಆ ಕಾಲಿನಲ್ಲಿ ಕುಣಿಯುವವರು ಯಾರುಂಟು ಇಲ್ಲಿ? ನೀನು ಕುಣೀತೀಯಾ?"

"ಇಲ್ಲ."

"ಮತ್ತೆ? ನನ್ನ ಹತ್ರ ಇರೋದು ಈ ಮಕ್ಕಳ ಕೈ. 'ಒಬ್ಬಳು ಬಂದಳು, ಹೋದಳು' ಅಂದ್ರೆ ಈ ಮಕ್ಕಳಿಗೆ ಬರುವ ಶುಕ್ರವಾರಕ್ಕೆ ಮರೆತು ಹೋಗ್ತದೆ. ಕೈಕೋಳ, ಯಮುನೆ, ಚಕ್ರ ಅಂದ್ರೆ ಅವರ ಮೊಮ್ಮಕ್ಕಳಿಗೂ ನೆನಪಿರ್ತದೆ. ವಾದದಲ್ಲಿ ನೀನು ಗೆದ್ದೆ ಅಂತಲೇ ಇರ್ಲಿ. ಗೆದ್ದು ಎಂತ ಮಾಡ್ತಿ ಮಾರಾಯ್ತಿ?"

ಸ್ಪರ್ಧೆಯಲ್ಲಾದರೆ ಇಂಥ ಮಾತಿಗೆ ತೀರ್ಪುಗಾರರು ಅಂಕ ಕೊಡುವುದಿಲ್ಲ, ಏಕೆಂದರೆ ಇದು ಉತ್ತರವಲ್ಲ, ಪ್ರಶ್ನೆಯನ್ನು ಪಕ್ಕಕ್ಕೆ ಸರಿಸುವುದು. ಅದನ್ನು ಅವರಿಗೆ ಹೇಳಿಯೂ ಬಿಟ್ಟೆ. ಹುಡುಗಿಯರು ಕಿಸಕ್ಕನೆ ನಕ್ಕರು. ನಾನು ಡಬ್ಬಿ ಅಲ್ಲೇ ಇಟ್ಟು ಬಂದೆ. ಕಂಪನಿ ಬಸ್ಸುಗಳ ಧೂಳಿನಲ್ಲಿ ಅಪ್ಪನ ಕಾರಿಗೆ ಕಾಯುತ್ತಾ ನಿಂತಾಗ ನನ್ನ ಎಡಗೈ ತೊಡೆಯ ಮೇಲೆ ತಾನಾಗಿಯೇ ಮುಂದೆ ಮುಂದೆ ಬರುತ್ತಿತ್ತು.

ವಾರ್ಷಿಕೋತ್ಸವ ಒಂದು ಶಾಲೆಯ ಸಭಾಂಗಣದಲ್ಲಿ. ಅಜ್ಜಿ ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ನಾನು. ನನ್ನ ಆ ಕಡೆ ಸಂಘದ ಪಾಟೀಲ ಕಾಕಾ, ಬಾಗಲಕೋಟೆ ಕಡೆಯವರು, ಕ್ರೇನ್ ಸೂಪರ್‌ವೈಸರ್. ಕಾಲು ಮುರಿದ ಕಥೆಯನ್ನು ಊರಿಗೆಲ್ಲ ಹಂಚಿದ್ದು ಇವರೇ. "ಪಾಪ, ನೋಡಿಲ್ಲಿ ಕಾಲಾಗ ಚೀಲಾ. ಬಿದ್ದ ಕಾಲು ಇನ್ನೂ ನೆಟ್ಟಗಾಗಿಲ್ಲ ನೋಡವಾ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಅಷ್ಟರಲ್ಲಿ ಮೈಕಿನಲ್ಲಿ ಟೀಚರ ಧ್ವನಿ ಬಂತು. ಸೆರೆಮನೆ, ಮಥುರೆ, ತುಂಬಿ ಹರಿಯುವ ಯಮುನೆ.

"ಏನು ಹೇಳುತ್ತಿದ್ದಾರೆ?" ಅಜ್ಜಿ ಕೇಳಿದರು.

ಇದಕ್ಕೇ ಕಾದಿದ್ದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. "ನಿಮ್ಮ ನೃತ್ಯವನ್ನು ಇವರು ಕೈಯಲ್ಲಿ ಮಾಡುತ್ತಿದ್ದಾರೆ. ಅದು ನಮ್ಮ ದೇವರೊಬ್ಬನ ಕಥೆ ಎಂದು ಎಲ್ಲರಿಗೂ ಹೇಳುತ್ತಿದ್ದಾರೆ. ಹುಟ್ಟಿದ ಮಗುವನ್ನು ಅಪ್ಪ ಬುಟ್ಟಿಯಲ್ಲಿಟ್ಟು ನದಿ ದಾಟಿಸಿ ಹೊರಗೆ ಒಯ್ಯುವುದು."

"ಎಲ್ಲಿಂದ ಹೊರಗೆ?"

"ಸೆರೆಮನೆಯಿಂದ."

"ಚಿಕ್ಕ ಕೋಣೆಯೇ?"

"ಇರಬೇಕು."

"ಹಾಗಾದರೆ ಪರವಾಗಿಲ್ಲ."

"ಪರವಾಗಿಲ್ಲ ಅಂದರೆ? ನಿಮ್ಮದನ್ನು..." ನನ್ನ ಧ್ವನಿ ಏರಿತು.

"ಏ ತಂಗಿ, ಸುಮ್ನ ಕೂಡವಾ," ಎಂದರು ಕಾಕಾ.

ಪರದೆ ಸರಿಯಿತು. ಹುಡುಗಿಯರ ಕೈಗಳು ಅಜ್ಜಿಗೆ ಕಾಣುವುದಿಲ್ಲ, ನೇರ ಎದುರಿಗಿವೆ. ಅವರು ಮುಖವನ್ನು ಪೂರ್ತಿ ಬಾಗಿಲ ಕಡೆ ತಿರುಗಿಸಿಕೊಂಡರು. ಇಡೀ ಸಭೆಗೆ ಅವರು ಸ್ಟೇಜು ನೋಡದೆ ಬೇರೆಲ್ಲೋ ನೋಡುತ್ತಿರುವಂತೆ ಕಂಡಿರಬೇಕು. ಅವರು ಕೈಯನ್ನು ನನ್ನ ಕೈಯ ಮೇಲಿಟ್ಟರು. ಸ್ಟೇಜಿನಲ್ಲಿ ಆಗುವುದನ್ನು ನಾನು ಕೈಯಲ್ಲಿ ಮಾಡುತ್ತಾ ಹೋದೆ. ಕೋಣೆಯೊಳಗೆ ಬಂದಳು. ನೆಗೆದಳು. ಸುತ್ತಿದಳು. ಸ್ಟೇಜಿನ ಮೇಲೆ ಕೊನೆಯ ಎಡಗೈ ಮೃದಂಗದ ಪೆಟ್ಟಿಗೆ ನಿಖರವಾಗಿ ಬಿತ್ತು. ನಾನೂ ಹಾಗೆಯೇ ತೋರಿಸಿದೆ, ಏಕೆಂದರೆ ನಡೆದದ್ದು ಅದು.

ಬೆರಳ ಗಂಟಿನ ಮೇಲೆ ಏಟು ಬಿತ್ತು.

"ಅದು ನಾನಲ್ಲ, ಅವರು," ಎಂದೆ.

"ಎಡಗಾಲು ಕಾಯುತ್ತಿದೆ," ಎಂದರು ಗಟ್ಟಿಯಾಗಿ. "ಯಾರದು? ಕಾಯಬಾರದು ಎಂದು ಹೇಳು."

ಕಾರ್ಯಕ್ರಮ ಮುಗಿದ ಮೇಲೆ ಪಾಟೀಲ ಕಾಕಾ ಹುಡುಗಿಯರನ್ನು ಸಾಲಾಗಿ ಕರೆದುಕೊಂಡು ಬಂದರು. "ಪಾದಕ್ಕ ಬೀಳ್ರವಾ, ಅಜ್ಜಿ ಆಶೀರ್ವಾದ ತೊಗೊಳ್ರಿ." ಮೊದಲನೆಯವಳು ಬಗ್ಗಿ ಕಾಲುಚೀಲ ಮುಟ್ಟಿದಳು. ಅಜ್ಜಿ ಬೆಚ್ಚಿ ಎರಡೂ ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

"ಕೆಳಗೆ ಏನು ಹುಡುಕುತ್ತಿದ್ದಾರೆ?" ಎಂದು ನನ್ನನ್ನು ಕೇಳಿದರು.

"ಆಶೀರ್ವಾದ."

"ಅಲ್ಲಿ ಏನೂ ಇಲ್ಲ ಎಂದು ಹೇಳು." ತಡಕಾಡಿ ಆ ಹುಡುಗಿಯ ಎಡಗೈ ಹಿಡಿದು ತಮ್ಮ ಮೊಣಕಾಲಿನ ಮೇಲಿಟ್ಟರು. ಗುನುಗಿದರು. ತಾಳ ಬೀಳುವ ಮುಂಚೆಯೇ ಆ ಕೈಯನ್ನು ತಳ್ಳಿದರು. ಹುಡುಗಿಗೆ ಅರ್ಥವಾಗಲಿಲ್ಲ. ಮತ್ತೆ ತಳ್ಳಿದರು. ಟೀಚರ್ ಹಿಂದೆ ನಿಂತು ನೋಡುತ್ತಿದ್ದರು.

"ಎಡಗಾಲು ತಾಳಕ್ಕಿಂತ ಮುಂಚೆ ಬರಬೇಕಂತೆ ಟೀಚರ್," ಎಂದು ನಾನು ಕನ್ನಡದಲ್ಲಿ ಹೇಳಿದೆ.

"ಆಯ್ತು, ಆಯ್ತು," ಎಂದು ಟೀಚರ್ ಅಜ್ಜಿಗೆ ಕೈ ಮುಗಿದ ಹಾಗೇ ನನ್ನ ಕಿವಿಗೆ ಬಗ್ಗಿ, "ಅವರಿಗೆ ವಯಸ್ಸಾಯ್ತು, ಪಾಪ. ತಾಳ ಬಿಟ್ರೆ ಭರತನಾಟ್ಯ ಉಂಟಾ?" ಎಂದರು.

ಆಮೇಲೆ ಹೆಚ್ಚೇನೂ ನಡೆಯಲಿಲ್ಲ. ಮಗನ ಕಾಂಟ್ರಾಕ್ಟು ಮುಗಿಯಿತು, ವಿಲ್ಲಾ ಖಾಲಿಯಾಯಿತು. ಹೊರಡುವ ಮುನ್ನಾದಿನ ಸೂಕ್ ವಾಕಿಫ್ ಮಾರುಕಟ್ಟೆಗೆ ಹೋಗಿ ಕಾಲುಚೀಲ ಕೊಂಡರು. ಅಂಗಡಿಯ ಕೌಂಟರಿನ ಮೇಲೆ ಕೊನೆಯ ಸಲ ನನ್ನ ಕೈಯಿಂದ ಮಾಡಿಸಿದರು. ಅಂಗಡಿಯವನು ಚಿಲ್ಲರೆ ಹಿಡಿದು ನೋಡುತ್ತಾ ನಿಂತಿದ್ದ. ಆ ದಿನ ನನಗೆ ಏಟು ಬೀಳಲಿಲ್ಲ. "ವಿಳಾಸ ಸಿಕ್ಕಿತೇ?" ಎಂದು ಕೇಳಿದರು. ಇಲ್ಲ ಎಂದೆ. "ಹುಡುಕುತ್ತಿರು. ಖಲಾಸ್," ಎಂದು ನನಗಿಂತ ಮುಂದೆ ನಡೆದುಬಿಟ್ಟರು. ಅವರಿಗೆ ದಾರಿ ಕಾಣುವುದಿಲ್ಲ ಎಂದು ನೆನಪಾಗಿ ನಾನು ಹಿಂದೆ ಓಡಿದೆ.

ವರ್ಷ ತುಂಬುವುದರೊಳಗೆ ಮಗನ ಫೋನು ಅಪ್ಪನಿಗೆ ಬಂತು. ಸಂತಾಪ ಸಭೆ ಆಯಿತು. ಕಥೆ ಹೇಳಿದರು, ಜನ ಅತ್ತರು. ಆಮೇಲೆ ಟೀಚರ ಹುಡುಗಿಯರು ಅವರ ನೆನಪಿಗೆಂದು ಕೃಷ್ಣಜನನ ಮಾಡಿದರು. ನಾನು ಕೊನೆಯ ಸಾಲಿನಲ್ಲಿ ಕೈ ಕಟ್ಟಿಕೊಂಡು ನಿಂತಿದ್ದೆ. ಕೈಕೋಳ, ಯಮುನೆ, ಚಕ್ರ. ಮನಸ್ಸಿನಲ್ಲಿ ಒಂದೊಂದನ್ನೂ ತಿದ್ದುತ್ತಿದ್ದೆ: ನೆಗೆತ, ನಡಿಗೆ, ಸುತ್ತು. ಕೊನೆಗೆ ಎಡಗೈಗಳು ಬಂದವು. ಎಲ್ಲ ಹುಡುಗಿಯರ ಎಡಗೈಗಳೂ ಒಟ್ಟಿಗೆ, ಮೃದಂಗ ಇನ್ನೂ ಬಾಯಿ ತೆರೆಯುವ ಮೊದಲೇ, ಬಂದುಬಿಟ್ಟವು. ಒಬ್ಬಳಾದರೆ ತಪ್ಪಿದಳು ಎನ್ನಬಹುದು. ಎಲ್ಲರೂ ಒಂದೇ ಕ್ಷಣಕ್ಕೆ ಮುಂಚೆ ಬರಬೇಕಾದರೆ ಎಷ್ಟು ಶುಕ್ರವಾರ ಕೂತು ತಿದ್ದಿರಬೇಕು!

ಜನ ಕರಗಿದ ಮೇಲೆ ಟೀಚರ್ ಗೆಜ್ಜೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. ನಾನು ಹೋಗಿ ಎದುರಿಗೆ ನಿಂತೆ. ಅವರು ತಲೆಯೆತ್ತಲಿಲ್ಲ. ಗೆಜ್ಜೆಯ ದಾರದ ಗಂಟನ್ನು ಬಿಚ್ಚುತ್ತಲೇ ಇದ್ದರು.

"ಟೀಚರ್, ನೀವು ಮೈಕಿನಲ್ಲಿ ಹೇಳಿದ್ದಕ್ಕೆ ನಾನು ಇವತ್ತು ಜಗಳಕ್ಕೆ ಬಂದದ್ದಲ್ಲ. ಒಂದೇ ಒಂದು ಪ್ರಶ್ನೆ ಉಂಟು. ಅದು ಕೃಷ್ಣನ ಕೈ ಅಂತಾದ್ರೆ, ತಾಳಕ್ಕಿಂತ ಮುಂಚೆ ಬಂದವರನ್ನೆಲ್ಲ ಮೂಲೆಗೆ ನಿಲ್ಲಿಸುವ ನೀವು, ಆ ಎಡಗೈಯನ್ನು ಮುಂಚೆ ಬರಲು ಯಾಕೆ ಬಿಟ್ಟಿರಿ?"